ಗುರೋ ಕೂಗಿದ ಹೆಸರು

ನನ್ನ ಅತ್ತೆ ಮಿಲ್ಡ್ರಿಗೆ ಸಿಟ್ಟು ಬಂದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ಆಲೂಗಡ್ಡೆಗೆ. ನಾರ್ವೆಯ ಪಶ್ಚಿಮ ದಂಡೆಯ ನಮ್ಮ ಕಡೆ ಗುರುವಾರ ಬಂತೆಂದರೆ ಆಲೂಗಡ್ಡೆ ತುರಿದು, ಹಿಟ್ಟು ಸೇರಿಸಿ, ಉಂಡೆ ಕಟ್ಟಿ ಉಪ್ಪು ಹಚ್ಚಿಟ್ಟ ಕುರಿಮಾಂಸದ ಜೊತೆ ಬೇಯಿಸುತ್ತೇವೆ. ಅತ್ತೆ ಊರಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅರ್ಧ ಆಯುಸ್ಸು ಈ ಉಂಡೆ ಕಟ್ಟಿದವರು. ಮನಸ್ಸು ನೆಟ್ಟಗಿದ್ದ ದಿನ ಉಂಡೆ ಬಾಯಲ್ಲಿ ಕರಗುತ್ತದೆ, ಸಿಟ್ಟಿದ್ದ ದಿನ ಎಸೆದರೆ ನಾಯಿ ಸಾಯುತ್ತದೆ. ಹಲ್ವರ್ಡ್ ಸ್ಟೋರ್ಲಿ ನಮ್ಮ ಮನೆಗೆ ಬಂದುಹೋದ ಆ ಗುರುವಾರ ನನ್ನ ಗಂಡ ರೈದಾರ್ ಉಂಡೆಯನ್ನು ಕೊಯ್ಯಲಾರದೆ ತಟ್ಟೆಯಲ್ಲೇ ಬಿಟ್ಟು ಎದ್ದ.

ಹಲ್ವರ್ಡ್ ತಂದದ್ದು ಊರಪುಸ್ತಕದ ಕರಡು. ನಮ್ಮಲ್ಲಿ ಊರಿಗೊಂದು ಇಂಥ ಪುಸ್ತಕ ಇರಲೇಬೇಕು. ಯಾವ ಜಮೀನು ಯಾರದು, ಯಾರು ಯಾರನ್ನು ಕಟ್ಟಿಕೊಂಡರು, ಯಾರಿಗೆ ಎಷ್ಟು ಮಕ್ಕಳು, ಯಾವ ಮಗು ತೊಟ್ಟಿಲಲ್ಲೇ ಹೋಯಿತು, ಎಲ್ಲ ಅದರಲ್ಲಿ ಅಚ್ಚಾಗುತ್ತದೆ. ಬೈಬಲ್ ಇಲ್ಲದ ಮನೆ ಸಿಕ್ಕೀತು, ಊರಪುಸ್ತಕ ಇಲ್ಲದ ಮನೆ ಸಿಗದು. ಒಮ್ಮೆ ಅಚ್ಚಾಯಿತೋ, ಇನ್ನು ಮೂರು ತಲೆಮಾರು ಅದೇ ಸತ್ಯ. ಅದರ ಸಮಿತಿಗೆ ಅಧ್ಯಕ್ಷ ಯಾರು ಅಂದರೆ ಇದೇ ಹಲ್ವರ್ಡ್, ಊರಿನ ಅತಿ ದೊಡ್ಡ ಜಮೀನಾದ ಸ್ಟೋರ್ಲಿಯ ಈಗಿನ ಯಜಮಾನ. ಆ ಜಮೀನಿನ ಅಂಚಿಗೆ, ಏನೂ ಬೆಳೆಯದ ಕಲ್ಲುದಿಬ್ಬದ ಮೇಲೆ ನಮ್ಮ ಮನೆ. ಒಂದು ಕಾಲಕ್ಕೆ ಅದು ಅವರ ಆಳಿನ ಗುಡಿಸಲು.

ಕರಡಿನಲ್ಲಿ ನಮ್ಮ ಮನೆಗೆ ಸಿಕ್ಕಿದ್ದು ಎರಡು ಸಾಲು. “ಗುರೋ, ಸ್ಟೋರ್ಲಿಯಲ್ಲಿ ಹಾಲು ಕರೆಯುವವಳು, ಅವಿವಾಹಿತೆ. ಮಗಳು ಮಿಲ್ಡ್ರಿ, ಜನನ ೧೯೧೧, ತಂದೆ ಕೂಲಿಯಾಳು ಲಾರ್ಸ್, ಅಮೆರಿಕಕ್ಕೆ ಹೋದವನು.”

“ಇದನ್ನ ಅಚ್ಚು ಹಾಕಿಸ್ತೀಯಾ?” ಅಂದರು ಅತ್ತೆ.

“ಚರ್ಚಿನ ಪುಸ್ತಕದಲ್ಲಿ ಹಾಗೇ ಇದೆ ಮಿಲ್ಡ್ರಿ. ನಾವು ನಮ್ಮ ಕೈಯಿಂದ ಒಂದಕ್ಷರ ಸೇರ್ಸೋ ಹಾಗಿಲ್ಲ,” ಅಂದ ಹಲ್ವರ್ಡ್, ನನ್ನ ಕಾಫಿ ಕುಡಿಯುತ್ತ, ನನ್ನ ಕುರ್ಚಿಯಲ್ಲಿ ಕೂತು.

“ನನ್ನ ಮೊಮ್ಮಕ್ಕಳು ಓದ್ತಾರೆ ಇದನ್ನ.”

“ಓದಲಿ ಬಿಡಿ. ಈಗಿನ ಕಾಲದಲ್ಲಿ ಇದಕ್ಕೆಲ್ಲ ಯಾರೂ ನಾಚ್ಕೊಳ್ಳಲ್ಲ.”

ನೋಡಿ, ಈ ಮಾತಿಗೇ ನನಗೆ ಉರಿಯುವುದು. ನಾಚಿಕೆಪಡುವ ಕಾಲವಿದ್ದಾಗ ಆ ನಾಚಿಕೆಯನ್ನೆಲ್ಲ ನನ್ನ ಅತ್ತೆ ಒಬ್ಬರೇ ಹೊತ್ತರು. ಈಗ ಅದಕ್ಕೆ ತೂಕವಿಲ್ಲ ಎನ್ನುವುದು ಎಂದೂ ಹೊರದವನು. ಶಾಲೆಯಲ್ಲಿ ಮಕ್ಕಳು “ನಿಮ್ಮಪ್ಪ ಹಡಗಲ್ಲಿ ಬರ್ತಾನೆ, ಓಡು ಬಂದರಿಗೆ” ಎಂದು ಇವರನ್ನು ಅಟ್ಟುತ್ತಿದ್ದರು. ಇವರೂ ಕೆಲವು ಸಲ ಹೋಗಿ ನಿಂತದ್ದುಂಟು, ನಿಜವಾಗಿ ಬಂದರೆ ಎಂದು. ಚರ್ಚಿನಲ್ಲಿ ದೀಕ್ಷೆಯ ದಿನ ಊರಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ, ಪಾಠವೆಲ್ಲ ಬಾಯಿಗೆ ಬರುತ್ತಿದ್ದ ಇವರನ್ನು ಪಾದ್ರಿ ಕೊನೆಯಲ್ಲಿ ಬಾಗಿಲ ಬಳಿ ನಿಲ್ಲಿಸಿದ. ಆ ಲಾರ್ಸ್‌ಗೆ ಇವರು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಹುಟ್ಟಿಸಿ ಓಡಿಹೋದವನು, ಒಂದು ಕಾಗದ ಹಾಕದವನು, ಹಾಳಾಗಿ ಹೋಗಲಿ ಎಂದು.

ತಾಯಿ ಗುರೋಳನ್ನು ಕೇಳಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮೌನಗೌರಿ. ಆದರೆ ಅವಳದೊಂದು ವಿಚಿತ್ರ ಚಾಳಿ ಇತ್ತಂತೆ. ದಿನಾ ಸಂಜೆ ಮಗಳನ್ನು ಊಟಕ್ಕೆ ಕರೆಯುವಾಗ ಮಾತ್ರ ಬಾಗಿಲಿಗೆ ಬಂದು, ಹೊಲದ ಕಡೆ ಮುಖ ಮಾಡಿ, ಎದೆಯೊಳಗಿನ ಉಸಿರೆಲ್ಲ ಸೇರಿಸಿ “ಮಿಲ್ಡ್ರೀ!” ಎಂದು ಕೂಗುತ್ತಿದ್ದಳು. ಮಗಳು ನಿಂತಿರುತ್ತಿದ್ದದ್ದು ಮಗ್ಗುಲಲ್ಲೇ, ಸೌದೆ ರಾಶಿಯ ಹತ್ತಿರ. “ಇಲ್ಲೇ ಇದ್ದೀನಲ್ಲಮ್ಮಾ, ಯಾಕೆ ಊರಿಗೆಲ್ಲ ಕೇಳೋ ಹಾಗೆ ಅರಚ್ತೀಯಾ” ಎಂದು ಮಗಳು ಮುಖ ಕೆಂಪಗೆ ಮಾಡಿಕೊಂಡು ಒಳಗೆ ಓಡುತ್ತಿದ್ದರಂತೆ. ಹೆಸರೂ ಇವರಿಗೆ ಇಷ್ಟವಿರಲಿಲ್ಲ, ಅಜ್ಜಿಯರ ಕಾಲದ ಹೆಸರು. ಎಲ್ಲರೂ ಮಿಲ್ಲಾ ಅಂತಲೇ ಕರೆಯುವಂತೆ ಮಾಡಿಕೊಂಡರು. ತಾಯಿಯೊಬ್ಬಳು ಸಾಯುವವರೆಗೂ ಒಂದಕ್ಷರ ಕಡಿಮೆ ಮಾಡಲಿಲ್ಲ.

ಹಲ್ವರ್ಡ್ ಹೋದ ಮೇಲೆ ಅತ್ತೆ ನನ್ನನ್ನು ನೋಡಿದರು. “ತುರಿಡ್, ನಿನ್ನ ಕಾರು ಬರ್ಗನ್ ತನಕ ಹೋಗುತ್ತಾ?”

“ಹೋಗುತ್ತೆ. ವಾಪಸ್ ಬರುತ್ತಾ ಗೊತ್ತಿಲ್ಲ.”

“ಬರದಿದ್ರೆ ಬೇಡ. ನಾಳೆ ಹೊರಡೋಣ.”

“ಅಮ್ಮಾ, ಎಪ್ಪತ್ತೆರಡು ವರ್ಷದ ಹಿಂದಿನ ಬೂದಿ ಕೆದಕಿ ಏನು ಸಿಗುತ್ತೆ?” ಅಂದ ರೈದಾರ್.

“ಕೆಂಡ,” ಅಂದರು ಅತ್ತೆ.

ಬರ್ಗನ್ನಿನ ಹಳೇ ದಾಖಲೆಗಳ ಕಚೇರಿಯಲ್ಲಿ ಚರ್ಚಿನ ಪುಸ್ತಕಗಳನ್ನೆಲ್ಲ ಫಿಲ್ಮ್ ಸುರುಳಿ ಮಾಡಿಟ್ಟಿದ್ದಾರೆ. ಯಂತ್ರಕ್ಕೆ ಹಾಕಿ ತಿರುಗಿಸಿದರೆ ಪುಟ ಒಂದೊಂದಾಗಿ ಬೆಳಕಿಗೆ ಬರುತ್ತದೆ. ಅತ್ತೆಯ ನಾಮಕರಣದ ಪುಟದಲ್ಲಿ ಹಲ್ವರ್ಡ್ ಹೇಳಿದ್ದೇ ಇತ್ತು. ತಾಯಿ ಹೇಳಿಕೆಯಂತೆ ತಂದೆ, ಲಾರ್ಸ್. ಪಾದ್ರಿಯ ಬರಹ ಬಹಳ ಚೆಂದ. ಅಷ್ಟು ಚೆಂದವಾಗಿ ಬರೆಯುವವನಿಗೆ ಎದುರು ನಿಂತ ಇಪ್ಪತ್ತು ವರ್ಷದ ಹುಡುಗಿಯ ಮುಖ ಒಮ್ಮೆ ನೋಡಲು ಏನಾಗಿತ್ತೋ.

ನಾವು ಬಂದದ್ದು ಅದಕ್ಕಲ್ಲ. ಆಗ ಅಮೆರಿಕದ ಹಡಗು ಹತ್ತುವವರ ಹೆಸರು, ಊರು, ಹೊರಟ ದಿನ ಎಲ್ಲ ಪೊಲೀಸರು ಬರೆದಿಡುತ್ತಿದ್ದರು. ಲಾರ್ಸ್ ಎಲ್ಲಿ ಹೋದ ಎಂದು ತಿಳಿದರೆ ಅವನ ಗೋರಿಗಾದರೂ ಒಂದು ಕಾಗದ ಬರೆದು ಬೈಯಬೇಕು ಎನ್ನುವುದು ಅತ್ತೆಯ ಆಸೆ. ನಾವು ೧೯೧೧ರಲ್ಲಿ ಹುಡುಕಿದೆವು, ಇಲ್ಲ. ೧೯೧೦ರಲ್ಲಿ ಹುಡುಕಿದೆವು, ಅಲ್ಲೂ ಇಲ್ಲ. ನನಗೆ ಸಾಕಾಗಿ ಕಾಫಿ ಕುಡಿದು ಬರುತ್ತೇನೆ ಎಂದು ಎದ್ದೆ. ವಾಪಸ್ ಬಂದಾಗ ಅತ್ತೆ ಯಂತ್ರದ ಗಾಜಿಗೆ ಬೆರಳು ಒತ್ತಿಕೊಂಡು ಕೂತಿದ್ದರು. ೧೯೦೯, ವಸಂತ. ನಮ್ಮೂರಿನ ಕೂಲಿಯಾಳು ಲಾರ್ಸ್, ವಯಸ್ಸು ಇಪ್ಪತ್ತೊಂದು, ಒಬ್ಬನೇ.

“ನಾನು ಹುಟ್ಟೋಕೆ ಎರಡು ವರ್ಷ ಮುಂಚೆ,” ಅಂದರು. “ಏನೇ ತುರಿಡ್, ಅಮೆರಿಕದಿಂದ ಪೋಸ್ಟಲ್ಲಿ ಕಳಿಸಿದ್ನಾ ನನ್ನನ್ನ?”

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ, “ಆ ಪಾಪದವನಿಗೆ ಎಷ್ಟು ಶಾಪ ಹಾಕಿಬಿಟ್ಟೆನಲ್ಲೇ,” ಅಂದು ಕಿಟಕಿಯ ಕಡೆ ತಿರುಗಿದರು.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಹಾಗೆ. ಈ ಸೀಮೆಯಲ್ಲಿ ಇದು ಹಳೇ ವಿದ್ಯೆ. ಮಾನಸ್ಥ ಮನೆತನದವನು ಮನೆಯ ಹಾಲುಗಿತ್ತಿಯನ್ನು ಕೆಡಿಸಿದರೆ, ಅಮೆರಿಕಕ್ಕೆ ಹೋದ ಯಾವನಾದರೂ ಬಡವನ ಹೆಸರು ಪಾದ್ರಿಯ ಮುಂದೆ ಹೇಳಿಸುವುದು. ಹೋದವನು ಬಂದು ಇಲ್ಲ ಎನ್ನುವಂತಿಲ್ಲ, ಸಮುದ್ರ ಸಾಕ್ಷಿ ಹೇಳುವುದಿಲ್ಲ. ಆದರೆ ಈ ಸಲ ಮಾಡಿಸಿದವನಿಗೆ ಅವಸರ, ಲಾರ್ಸ್ ಯಾವಾಗ ಹೊರಟ ಎಂದು ಕೂಡ ನೆನಪಿಟ್ಟುಕೊಂಡಿರಲಿಲ್ಲ. ಆಳುಗಳು ಬಂದದ್ದು ಹೋದದ್ದು ಯಜಮಾನರಿಗೆ ಯಾಕೆ ನೆನಪಿರಬೇಕು? ಗುರೋಗೆ ಗೊತ್ತಿರದೆ ಇರುತ್ತದೆಯೇ? ಆದರೂ ಹೇಳಿಕೊಟ್ಟ ಹೆಸರನ್ನೇ ಹೇಳಿದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಅವರದೇ ಸೂರು.

ಹೆಸರು ಹೇಳಿಸಿದ್ದು ಯಾರು ಎನ್ನುವುದು ನನಗೆ ಆಗಲೇ ಗೊತ್ತಾಗಿತ್ತು. ಮದುವೆಯಾಗದೆ ಹೆತ್ತ ಆಳಿಗೆ ಬಾಡಿಗೆಯಿಲ್ಲದೆ ಸಾಯುವವರೆಗೂ ಗುಡಿಸಲು ಕೊಟ್ಟವನು ಯಾರು? ಹಲ್ವರ್ಡ್‌ನ ತಾತ, ಎಂಬ್ರಿಕ್ ಸ್ಟೋರ್ಲಿ. ಬೇಸಿಗೆಯಲ್ಲಿ ಹಸುಗಳ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಲ್ಲಿ ಗುರೋ ಒಬ್ಬಳೇ ಇರುತ್ತಿದ್ದಾಗ, ಮಾಡಿಟ್ಟ ಚೀಸ್ ತರಲು ಬೆಟ್ಟ ಹತ್ತುತ್ತಿದ್ದವನು ಯಾರು? ಆಳನ್ನು ಕಳಿಸಿದರೆ ಆಗುತ್ತಿರಲಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಹಲ್ವರ್ಡ್‌ಗೆ ಮಾತ್ರ ಕನ್ನಡಿ ಬೇಕಿತ್ತು. ಬರ್ಗನ್ನಿನಿಂದ ತಂದ ಪ್ರತಿಯನ್ನು ಅವನ ಅಂಗಳದಲ್ಲೇ ಕೊಟ್ಟೆವು. ಎರಡು ಸಲ ಓದಿದ. ಮುಖದ ಬಣ್ಣ ಸ್ವಲ್ಪ ಇಳಿಯಿತು, ಮತ್ತೆ ಬಂತು.

“ಸರಿ, ತಪ್ಪು ತಪ್ಪೇ,” ಅಂದ. “ಲಾರ್ಸ್ ಹೆಸರು ತೆಗೆದುಬಿಡ್ತೀನಿ.”

“ತೆಗೆದು?” ಅಂದರು ಅತ್ತೆ.

“ತಂದೆ ತಿಳಿದಿಲ್ಲ ಅಂತ ಹಾಕ್ತೀನಿ.”

ಅತ್ತೆ ಪ್ರತಿಯನ್ನು ಅವನ ಕೈಯಿಂದ ಕಿತ್ತು ಮಡಚತೊಡಗಿದರು. ನಾನು ಅಷ್ಟಕ್ಕೇ ಬಿಡುವವಳಲ್ಲ. “ಹಲ್ವರ್ಡ್, ನಿನಗೆ ನಾಚ್ಕೆ ಆಗಲ್ವಾ? ಇದ್ದ ಸುಳ್ಳಪ್ಪನನ್ನೂ ಕಿತ್ಕೊಂಡು ಬರಿಗೈಲಿ ಕಳಿಸ್ತೀಯಲ್ಲ! ಯಾರು ಅಂತ ನಿನಗೆ ಗೊತ್ತಿಲ್ವಾ?”

“ದಾಖಲೆ ಇದ್ರೆ ತೋರ್ಸು ತುರಿಡ್. ನನ್ನ ತಾತ ಸತ್ತು ನಲವತ್ತು ವರ್ಷ. ಸತ್ತವರ ಮೇಲೆ ಕೆಸರು ಎರಚೋಕೆ ಸಮಿತಿ ಇಲ್ಲ.”

ಬದುಕಿದವರ ಮೇಲೆ ಎರಚಬಹುದು, ಅದಕ್ಕೆ ಸಮಿತಿಯ ಒಪ್ಪಿಗೆ ಇದೆ. ನಾನು ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಅತ್ತೆ ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು.

ಅಚ್ಚಿಗೆ ಹೋಗುವ ಮುಂಚೆ ಕರಡು ಹಾಳೆಗಳನ್ನೆಲ್ಲ ಸಮುದಾಯ ಭವನದ ಮೇಜುಗಳ ಮೇಲೆ ಹರಡಿಟ್ಟು, ತಪ್ಪಿದ್ದರೆ ಹೇಳಿ ಎಂದು ಊರಿಗೆ ಊರನ್ನೇ ಕರೆಯುವುದು ಪದ್ಧತಿ. ಆ ಭಾನುವಾರ ದೋಸೆಯಂಥ ವಾಫಲ್ ವಾಸನೆ, ಕಂದು ಚೀಸು, ಕಾಫಿ. ಊರೆಲ್ಲ ಕನ್ನಡಕ ಏರಿಸಿಕೊಂಡು ಪರರ ಮನೆಯ ಪುಟಗಳನ್ನೇ ಮೊದಲು ಓದುತ್ತಿತ್ತು. ನಮ್ಮ ಪುಟದಲ್ಲಿ ಹಲ್ವರ್ಡ್ ಪೆನ್ಸಿಲ್ಲಿನಿಂದ ಲಾರ್ಸನನ್ನು ಹೊಡೆದುಹಾಕಿ, ‘ತಂದೆ ತಿಳಿದಿಲ್ಲ’ ಎಂದು ಆಗಲೇ ಬರೆದಿಟ್ಟಿದ್ದ. ಅತ್ತೆ ಅದನ್ನು ನೋಡಿದರು. ಮುಂದಿನ ಮೇಜಿಗೆ ಹೋಗಿ ಸ್ಟೋರ್ಲಿಯ ಪುಟಗಳ ಮುಂದೆ ಕೂತರು. ಒಂದು ಪುಟ ಓದಿದರು. ಹಿಂದಕ್ಕೆ ತಿರುವಿದರು. ಮತ್ತೆ ಮುಂದಕ್ಕೆ. ಕಾಫಿ ತಣ್ಣಗಾಯಿತು. ಆಮೇಲೆ ತಲೆಯೆತ್ತಿ, ಭವನಕ್ಕೆಲ್ಲ ಕೇಳುವಂತೆ, “ಹಲ್ವರ್ಡ್, ಬಾಪ್ಪ ಇಲ್ಲಿ. ನಿಮ್ಮ ಮನೆ ಪುಟ ಸ್ವಲ್ಪ ಓದು, ನನಗೆ ಕಣ್ಣು ಮಂಜು,” ಅಂದರು. ಬಟಾಣಿಯಲ್ಲಿ ಸಾಸಿವೆಯಷ್ಟು ಕಲ್ಲಿದ್ದರೂ ಹೆಕ್ಕುವ ಕಣ್ಣು ಅದು.

ತನ್ನ ವಂಶ ಓದು ಎಂದರೆ ಯಾವ ಸ್ಟೋರ್ಲಿ ಬೇಡವೆಂದಾನು? ಗಂಟಲು ಸರಿಮಾಡಿಕೊಂಡು ಓದಿದ. ಎಂಬ್ರಿಕ್‌ನ ತಾಯಿ ಮಿಲ್ಡ್ರಿ, ಈ ಮನೆತನದ ವಾರಸುದಾರಳು. ಆಕೆಯ ಅಜ್ಜಿ ಮಿಲ್ಡ್ರಿ. ಆ ಅಜ್ಜಿಯ ಅಜ್ಜಿಯೂ ಮಿಲ್ಡ್ರಿ.

“ಚೆನ್ನಾಗಿದೆ. ಅಜ್ಜಿ ಹೆಸರು ಮೊಮ್ಮಗಳಿಗೆ. ಈಗ ನಿನ್ನ ತಾತ ಎಂಬ್ರಿಕ್‌ನ ಮಕ್ಕಳ ಹೆಸರು ಓದು.”

“ಮಾರ್ತಾ, ಕಾರೆನ್, ಸಿನ್ನಿ, ಆಮೇಲೆ ನಮ್ಮಪ್ಪ ಅಸ್ಲಾಕ್.”

“ಮಿಲ್ಡ್ರಿ ಎಲ್ಲಿ?”

ನಮ್ಮಲ್ಲಿ ಮೊದಲ ಹೆಣ್ಣು ಹುಟ್ಟಿದರೆ ಗಂಡನ ತಾಯಿಯ ಹೆಸರು, ಅದರಲ್ಲೂ ಆಕೆ ತೀರಿಕೊಂಡಿದ್ದರೆ ಬೇರೆ ಮಾತೇ ಇಲ್ಲ. ಆ ಹೆಸರಿಡದೆ ಬಿಟ್ಟರೆ ಸತ್ತವಳಿಗೆ ಉಗಿದ ಹಾಗೆ. ಹಾಗೆಯೇ ಬೇರೆಯವರ ಮನೆತನದ ಹೆಸರನ್ನು ತನ್ನ ಮಗುವಿಗೆ ಇಡುವ ಗಂಡೆದೆ ಯಾವ ಆಳಿಗೂ ಇರಲಿಲ್ಲ. ಇಟ್ಟಿದ್ದರೆ ಮರುದಿನವೇ ಗಂಟುಮೂಟೆ ಹೊರಗೆ ಬೀಳುತ್ತಿತ್ತು.

“ಮೂರು ಹೆಣ್ಣು ಹುಟ್ಟಿದ್ವು ನಿನ್ನ ತಾತನಿಗೆ,” ಅಂದರು ಅತ್ತೆ, ದನಿ ಏರುತ್ತಿತ್ತು. “ಸತ್ತ ತಾಯಿ ಹೆಸರು ಒಂದಕ್ಕೂ ಇಡಲಿಲ್ಲ. ಯಾಕಪ್ಪಾ? ಹೆತ್ತವಳ ಮೇಲೆ ಅಷ್ಟು ದ್ವೇಷಾನಾ? ಅದೇ ಹೆಸರು ಆ ಕಲ್ಲುದಿಬ್ಬದ ಗುಡಿಸಲಿಗೆ, ಹಾಲು ಕರೆಯೋಳ ಮಗಳಿಗೆ ಹೇಗೆ ಬಂತು? ಗಾಳೀಲಿ ಹಾರ್ಕೊಂಡು ಬಂತಾ? ಮಾರ್ತಾ ಹುಟ್ಟೋಕೆ ಒಂದು ವರ್ಷ ಮುಂಚೆ ನನಗೆ ಇಟ್ಟಾಗಿತ್ತು. ನಿನ್ನ ತಾತ ನಮ್ಮಮ್ಮನ್ನ ಯಾಕೆ ಒದ್ದು ಓಡಿಸಲಿಲ್ಲ? ಆ ಹೆಸರು ಯಾಕಿಟ್ಟೆ ಅಂತ ಕೇಳಿದ್ರೆ ಉತ್ತರ ಸಿಗ್ತಿತ್ತಲ್ಲ, ಅದಕ್ಕೆ!”

“ಹೆಸರು ಯಾರು ಬೇಕಾದ್ರೂ ಇಡಬಹುದು,” ಅಂದ ಹಲ್ವರ್ಡ್.

“ಥೂ, ನಿನ್ನ ಬಾಯಿಗಿಷ್ಟು,” ಅಂದಳು ಕಾಫಿ ಬಗ್ಗಿಸುತ್ತಿದ್ದ ಮುದುಕಿ.

ಅವಳೇ ಮಾರ್ತಾ, ಎಂಬ್ರಿಕ್‌ನ ಹಿರೀ ಮಗಳು, ಹಲ್ವರ್ಡ್‌ನ ಸೋದರತ್ತೆ. ಕಾಫಿ ಕೆಟಲನ್ನು ಕೆಳಗಿಟ್ಟಳು.

“ಅದು ನನಗೆ ಬರಬೇಕಾದ ಹೆಸರು,” ಅಂದಳು. “ನಮ್ಮಮ್ಮ ಆ ಹೆಸರನ್ನ ಮನೆಯೊಳಗೆ ಎತ್ತಗೊಡ್ತಿರಲಿಲ್ಲ. ಅಜ್ಜಿ ಗೋರಿಗೆ ಹೋದ್ರೂ ಕಲ್ಲಿನ ಮೇಲಿನ ಹೆಸರು ಓದ್ತಿರಲಿಲ್ಲ.”

“ನಿನಗೆ ಗೊತ್ತಿತ್ತು,” ಅಂದರು ಅತ್ತೆ.

“ಗೊತ್ತಿತ್ತು.”

“ಅರವತ್ತು ವರ್ಷ ಚರ್ಚಲ್ಲಿ ನನ್ನ ಹಿಂದಿನ ಬೆಂಚಲ್ಲಿ ಕೂತಿದ್ದೆ ನೀನು. ನನ್ನ ಕತ್ತು ನೋಡ್ತಾ ಕೂತಿದ್ದೆ.”

“ಎಲ್ಲರಿಗೂ ಗೊತ್ತಿತ್ತು ಮಿಲ್ಡ್ರಿ. ನಾಮಕರಣದ ದಿನ ಪಾದ್ರಿ ಆ ಹೆಸರು ಹೇಳಿದ ಕೂಡಲೇ ಚರ್ಚೆಲ್ಲ ಕೆಮ್ಮೋಕೆ ಶುರುಮಾಡ್ತಂತೆ. ಅವನು ಹೊರಗಿನೋನು, ಅವನೊಬ್ಬನಿಗೇ ಗೊತ್ತಾಗಲಿಲ್ಲ.”

ಅವನೊಬ್ಬನಿಗೆ, ಮತ್ತು ಆ ಹೆಸರು ಹೊತ್ತ ಕೂಸಿಗೆ. ನಾನು ಸುತ್ತ ನೋಡಿದೆ. ಎಲ್ಲ ಮುದಿ ಮುಖಗಳೂ ತಟ್ಟೆಯೊಳಗಿದ್ದವು. ಇವರ ಅಪ್ಪ ಅಮ್ಮಂದಿರೇ ಕೆಮ್ಮಿದವರು, ಇವರೇ ಶಾಲೆಯಲ್ಲಿ ‘ಓಡು ಬಂದರಿಗೆ’ ಎಂದವರು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಒಂದು ಮಾತು. ಬಂದರಿಗೆ ಅಟ್ಟುವಾಗ ಆ ಹುಡುಗಿಯ ಅಪ್ಪ ಎದುರಿನ ಹೊಲದಲ್ಲೇ ಇದ್ದಾನೆಂದು ಎಷ್ಟು ಜನಕ್ಕೆ ಗೊತ್ತಿತ್ತು? ಆ ವಾಫಲ್ ಮೇಜನ್ನು ಬುಡಮೇಲು ಮಾಡಬೇಕು ಅನಿಸಿತು. ಮಾಡಲಿಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

“ಬರೀತೀಯಾ?” ಎಂದು ಅತ್ತೆ ಹಲ್ವರ್ಡ್‌ನನ್ನು ಕೇಳಿದರು.

“ಮಾತು ದಾಖಲೆ ಆಗಲ್ಲ,” ಅಂದ ಅವನು, ಕಣ್ಣು ಹಾಳೆಯ ಮೇಲೆ. “ಕ್ಷಮಿಸಿ.”

ಅತ್ತೆ ಕೋಟು ಹಾಕಿಕೊಂಡರು. ಮಾರ್ತಾ ಬಾಗಿಲವರೆಗೂ ಬಂದು ಏನೋ ಹೇಳಲು ಹೋದಳು. “ಬೇಡ,” ಅಂದರು ಅತ್ತೆ. “ಅರವತ್ತು ವರ್ಷದ್ದನ್ನ ಈಗ ಬಾಗಿಲಲ್ಲಿ ಹೇಳ್ಬೇಡ.” ಅದು ಕ್ರೂರ ಎಂದು ಊರಲ್ಲಿ ಕೆಲವರು ಆಡಿಕೊಂಡರು. ನನಗೆ ಹಾಗನಿಸಲಿಲ್ಲ.

ಕಾರು ನಮ್ಮ ದಿಬ್ಬ ಹತ್ತುವಾಗ ಅತ್ತೆ ಇದ್ದಕ್ಕಿದ್ದಂತೆ, “ನಿಲ್ಸು,” ಅಂದರು. ನಿಲ್ಲಿಸಿದೆ. ಅಲ್ಲಿಂದ ಸ್ಟೋರ್ಲಿಯ ಹೊಲ, ಕೊಟ್ಟಿಗೆ, ದೊಡ್ಡ ಬಿಳಿ ಮನೆ ಎಲ್ಲ ಎದುರಿಗೆ ಕಾಣುತ್ತದೆ.

“ನಾನು ಸೌದೆ ರಾಶಿ ಹತ್ರಾನೇ ಇರ್ತಿದ್ದೆ ಕಣೇ,” ಅಂದರು. “ಮಾರು ದೂರದಲ್ಲಿ. ಆದ್ರೂ ಹೊಲದ ಕಡೆ ತಿರುಗಿ ಕೂಗ್ತಿದ್ಲು. ಅವನು ಅಲ್ಲಿ ಕೆಲಸ ಮುಗಿಸಿ ಕುದುರೆ ಬಿಚ್ಚೋ ಹೊತ್ತಿಗೆ ಸರಿಯಾಗಿ. ದಿನಾ. ಅವನ ತಾಯಿ ಹೆಸರು ಹಿಡಿದು. ನಾನು ಊಟಕ್ಕೆ ಕರೀತಾಳೆ ಅಂದ್ಕೊಂಡಿದ್ದೆ.”

ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ನೋಡಿದ್ದು ಅದೊಂದೇ ಸಲ. ಅಳುವಾಗಲೂ ಬೈಯುತ್ತಿದ್ದರು, ತಮ್ಮನ್ನೇ: ಆ ಹೆಸರನ್ನು ಕತ್ತರಿಸಿ ಮಿಲ್ಲಾ ಮಾಡಿಕೊಂಡೆನಲ್ಲ, ದಡ್ಡಿ, ಶುದ್ಧ ದಡ್ಡಿ ಎಂದು.

ಕ್ರಿಸ್‌ಮಸ್‌ಗೆ ಮುಂಚೆ ಪುಸ್ತಕ ಬಂತು. ದಪ್ಪ ರಟ್ಟು, ಹೊನ್ನಕ್ಷರ. ನಮ್ಮ ಪುಟದಲ್ಲಿ, ‘ತಂದೆ ತಿಳಿದಿಲ್ಲ’. ರೈದಾರ್ ಅದನ್ನು ಒಲೆಗೆ ಹಾಕಲು ಎತ್ತಿದ. ಅತ್ತೆ ಕಿತ್ತುಕೊಂಡು ಕಪಾಟಿನಲ್ಲಿ ಇಟ್ಟರು. ಸ್ಟೋರ್ಲಿಯ ಪುಟವೂ ಅದರಲ್ಲೇ ಇದೆಯಲ್ಲ, ಹೆಸರು ಎಣಿಸಲು ಬರುವವರು ಎಣಿಸಿಕೊಳ್ಳಲಿ ಅಂದರು.

ಅವತ್ತು ಗುರುವಾರ. ಸಂಜೆಗೆ ಹಿಮ ಬಿದ್ದಿತ್ತು, ಕೆಳಗೆ ಹಲ್ವರ್ಡ್ ಟ್ರ್ಯಾಕ್ಟರಿನಲ್ಲಿ ಅಂಗಳದ ಹಿಮ ತಳ್ಳುತ್ತಿದ್ದ. ನಾನು ಉಂಡೆ ಬಡಿಸಿ ಅತ್ತೆ ಬನ್ನಿ ಅಂದೆ. ಅವರು ಬರಲಿಲ್ಲ. ಶಾಲು ಹೊದ್ದು ಹೊರಗೆ ಹೋಗಿ ಸೌದೆ ರಾಶಿಯ ಹತ್ತಿರ ನಿಂತರು.

“ಅಲ್ಲಿಂದಲ್ಲ, ಬಾಗಿಲಿಗೆ ಬಂದು ಕರಿ,” ಅಂದರು. “ಪೂರ್ತಿ ಹೆಸರು ಹಿಡಿದು.”

ಸೊಸೆ ಅತ್ತೆಯನ್ನು ಹೆಸರು ಹಿಡಿದು ಕೂಗುವುದೇ? ನಾನು ಎಂದೂ ಕೂಗಿರಲಿಲ್ಲ. ಬಾಗಿಲಿಗೆ ಬಂದು, ಹೊಲದ ಕಡೆ ಮುಖ ಮಾಡಿ, ಹೊಟ್ಟೆಯೊಳಗಿನ ಉರಿಯನ್ನೆಲ್ಲ ಸೇರಿಸಿ ಕೂಗಿದೆ: “ಮಿಲ್ಡ್ರೀ!”

ಕೆಳಗೆ ಟ್ರ್ಯಾಕ್ಟರ್ ನಿಂತಿತು. ಬಿಳಿ ಮನೆಯ ಒಂದು ಕಿಟಕಿಯಲ್ಲಿ ಪರದೆ ಸರಿಯಿತು.

“ಇನ್ನೂ ಜೋರಾಗಿ,” ಅಂದರು ಅತ್ತೆ. “ನಮ್ಮಮ್ಮಂದು ಇನ್ನೂ ಜೋರಿತ್ತು.”

ಮತ್ತೆ ಕೂಗಿದೆ. ಅವರು ಹಿಮ ಕೊಡವಿಕೊಂಡು ಒಳಗೆ ಬಂದು, ಕೈ ತೊಳೆದು ಊಟಕ್ಕೆ ಕೂತರು.